ಉಗ್ರಾಣದ ಲೆಕ್ಕ

ಯುದ್ಧಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅಡಿಗೆಮನೆಯ ಕಡೆಗೆ ತಿರುಗಿ ನೋಡುವುದಿಲ್ಲ. ಯಾವ ಸೇನಾಪತಿಯು ಯಾವ ಗುಡ್ಡವನ್ನೇರಿದನು, ಯಾವ ದಂಡು ಯಾವ ದಿಕ್ಕಿನಿಂದ ಬಂದು ಮೇಲೆ ಬಿದ್ದಿತು, ಫಿರಂಗಿಗಳೆಷ್ಟು, ಟ್ಯಾಂಕುಗಳೆಷ್ಟು ಎಂಬುದನ್ನೆಲ್ಲ ಪುಟಗಟ್ಟಲೆ ವಿವರಿಸುತ್ತಾರೆ. ಆ ಸಹಸ್ರಾರು ಜನರು ಅಂದು ಬೆಳಗ್ಗೆ ಏನು ಉಂಡಿದ್ದರು, ರಾತ್ರಿಗೆ ಏನು ಉಳಿದಿತ್ತು ಎಂಬ ಮಾತು ಬಂದಾಗ ಮಾತ್ರ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದಕಾರಣವೇ ನಮ್ಮ ಮನೆಗಳಲ್ಲಿ ಇಂಥ ಗ್ರಂಥಗಳು ಕಪಾಟಿನ ಮೇಲಣ ಅಂತಸ್ತನ್ನು ಸೇರುತ್ತವೆ. ಗೃಹಕೃತ್ಯದಲ್ಲಿ ಮುಳುಗಿದವರು ಇದು ತಮಗೆ ಸಂಬಂಧಪಟ್ಟ ವಿಷಯವಲ್ಲವೆಂದು ಬದಿಗಿಡುತ್ತಾರೆ. ಆದರೆ ನಮ್ಮ ದೇಶದ ಈಶಾನ್ಯದ ಅಂಚಿನಲ್ಲಿ, ಇಂಫಾಲ ಮತ್ತು ಕೊಹಿಮಾ ಎಂಬ ಎರಡು ಊರುಗಳ ಸುತ್ತ, ೧೯೪೪ನೆಯ ಇಸವಿಯ ಮಾರ್ಚಿಯಿಂದ ಜುಲೈವರೆಗೆ ನಡೆದ ಯುದ್ಧದ ವೃತ್ತಾಂತವನ್ನು ಓದಿದಾಗಲೆಲ್ಲ, ಇದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬಲ್ಲವರು ಮನೆಯ ಉಗ್ರಾಣವನ್ನು ನಡೆಸಿದವರೇ ಎಂದು ನನಗೆ ತೋರುತ್ತದೆ.

ಇದು ಅಂತಿಂಥ ಯುದ್ಧವಲ್ಲ. ೨೦೧೩ರಲ್ಲಿ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದವರು, ಬ್ರಿಟಿಷರು ಕಾದಿದ ಯುದ್ಧಗಳಲ್ಲಿ ಯಾವುದು ಅತ್ಯಂತ ದೊಡ್ಡದೆಂದು ಸಭಿಕರ ಮತ ಕೇಳಿದಾಗ, ವಾಟರ್ಲೂವನ್ನೂ ನಾರ್ಮಂಡಿಯನ್ನೂ ಹಿಂದಕ್ಕೆ ಹಾಕಿ ಈ ಇಂಫಾಲ-ಕೊಹಿಮಾಗಳು ಮೊದಲಿನ ಸ್ಥಾನವನ್ನು ಪಡೆದುವು. ಆದರೂ ವಾಟರ್ಲೂವಿನ ಹೆಸರನ್ನು ಬಲ್ಲ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಕೊಹಿಮಾದ ಕಥೆ ಗೊತ್ತು? ಅಲ್ಲಿ ಕಾದಿದವರಲ್ಲಿ ಬಹುಮಂದಿ ಭಾರತೀಯರು. ಕಾದಿದ ನೆಲವೂ ಭಾರತದ್ದೇ. ಭಾರತೀಯರು ಎರಡು ಪಕ್ಷಗಳಲ್ಲಿಯೂ ಇದ್ದರೆಂಬುದು ಆ ಕಥೆಯ ಇನ್ನೊಂದು ನೋವು.

ಯುದ್ಧದ ಮಾತಿಗೆ ಬರುವ ಮುನ್ನ ನಮ್ಮ ಅಜ್ಜಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಊರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಉಗ್ರಾಣದ ಬೀಗದ ಕೈ ಅವರ ಸೆರಗಿನ ತುದಿಗೆ ಬರುತ್ತಿತ್ತು. ಅವರಿಗೆ ಓದುಬರಹ ಅಷ್ಟಾಗಿ ಬಾರದು. ಆದರೆ ಎಲೆಗಳೆಷ್ಟು, ಊಟಗಳೆಷ್ಟು, ಎಲೆಗೆ ಎಷ್ಟು ಪಾವು ಅಕ್ಕಿ ಎಂಬುದನ್ನು ಬೆರಳಿನ ಗಿಣ್ಣುಗಳ ಮೇಲೆಯೇ ಎಣಿಸಿ ಹೇಳುವರು; ಕರೆಯದೆ ಬರುವವರಿಗೆಂದು ಕಾಲು ಪಾಲು ಮೇಲೆ ಸೇರಿಸುವರು. ಅವರ ಲೆಕ್ಕದಲ್ಲಿ ಒಂದು ನಿಯಮವಿದ್ದಿತು. “ನಾಳೆ ಬೀಗರ ಗಾಡಿಯಲ್ಲಿ ಎರಡು ಮೂಟೆ ಅಕ್ಕಿ ಬರುತ್ತದೆ, ಅಮ್ಮ” ಎಂದು ಯಾರಾದರೂ ಹೇಳಿದರೆ, “ಬಂದಮೇಲೆ ಎಣಿಸೋಣಪ್ಪ, ಗಾಡಿಯಲ್ಲಿರುವ ಅಕ್ಕಿ ಎಲೆಗೆ ಬೀಳುವುದಿಲ್ಲ” ಎಂದುಬಿಡುವರು. ಇಂಫಾಲದ ಯುದ್ಧದ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದರೆ ವಾಚಕರು ನಗಬಾರದು.

ಇಂಫಾಲವು ಮಣಿಪುರದ ರಾಜಧಾನಿ. ಸುತ್ತಲೂ ಸಾಲುಸಾಲಾಗಿ ಬೆಟ್ಟಗಳು. ನಡುವೆ ತಟ್ಟೆಯ ತಳದಂತೆ ಸಮನಾಗಿ ಹರಡಿದ ಬಯಲು. ಬಯಲಿನ ತುಂಬ ಬತ್ತದ ಗದ್ದೆಗಳು. ದಕ್ಷಿಣಕ್ಕೆ ಲೋಕ್ತಾಕ್ ಎಂಬ ಸರೋವರ. ಅಲ್ಲಿಯ ಪೇಟೆಯಲ್ಲಿ ವ್ಯಾಪಾರ ನಡೆಸುವವರು ಹೆಂಗಸರು. ತಾಯಂದಿರ ಸಂತೆಯೆಂದೇ ಅದಕ್ಕೆ ಹೆಸರು. ೧೯೩೯ರಲ್ಲಿ, ಅಂದರೆ ಜಪಾನೀಯರು ಬರುವುದಕ್ಕೆ ನಾಲ್ಕು ವರ್ಷಗಳಿಗೂ ಹಿಂದೆ, ಆ ಸಂತೆಯಲ್ಲಿಯೇ ಒಂದು ಯುದ್ಧ ನಡೆದಿತ್ತು, ಅದೂ ಅಕ್ಕಿಗಾಗಿಯೇ. ಆ ವರ್ಷ ಬೆಳೆ ಕೆಟ್ಟು ಊರಿನಲ್ಲಿ ಅಕ್ಕಿಯ ಬೆಲೆ ಏರುತ್ತಿದ್ದರೂ ವರ್ತಕರು ಗಿರಣಿಗಳಲ್ಲಿ ಬತ್ತವನ್ನು ಕುಟ್ಟಿಸಿ ಹೊರಗಣ ಊರುಗಳಿಗೆ ಸಾಗಿಸುತ್ತಿದ್ದರು. ಡಿಸೆಂಬರ್ ೧೨ರಂದು ಹೆಂಗಸರು ಗುಂಪುಗೂಡಿ ದರ್ಬಾರಿನ ಕಚೇರಿಯನ್ನು ಮುತ್ತಿದರು. ಪರಸ್ಥಳದಲ್ಲಿದ್ದ ಮಹಾರಾಜರಿಗೆ ತಂತಿ ಕೊಡಿಸಬೇಕು, ಅಕ್ಕಿಯ ಸಾಗಾಣಿಕೆಯನ್ನು ನಿಲ್ಲಿಸಬೇಕು ಎಂದು ಹಟ ಹಿಡಿದು ತಂತಿಯ ಕಚೇರಿಯಲ್ಲಿ ಅಧಿಕಾರಿಯನ್ನು ಬಿಡದೆ ನಿಂತರು. ಸಿಪಾಯಿಗಳು ಬಂದು ಕೋವಿಯ ಹಿಡಿಗಳಿಂದಲೂ ಸನೀನುಗಳಿಂದಲೂ ಅವರನ್ನು ಚದರಿಸಿದರು. ಅನೇಕ ಹೆಂಗಸರಿಗೆ ಗಾಯವಾಯಿತು. ಆದರೆ ಅಕ್ಕಿಯ ಸಾಗಾಣಿಕೆ ನಿಂತಿತು. ‘ನುಪಿ ಲಾಲ್’ ಎಂದರೆ ಹೆಂಗಸರ ಯುದ್ಧವೆಂದು ಅದಕ್ಕೆ ಹೆಸರು. ಮಣಿಪುರದಲ್ಲಿ ಆ ದಿನವನ್ನು ಇಂದಿಗೂ ಸ್ಮರಿಸುತ್ತಾರೆ.

ಅಕ್ಕಿಯ ಬೆಲೆಯನ್ನು ಹೀಗೆ ಬಲ್ಲ ನಾಡಿನ ಬಾಗಿಲಿಗೆ ಮಹಾಯುದ್ಧವು ಬಂದಿತು. ೧೯೪೨ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಮೇ ತಿಂಗಳೊಳಗಾಗಿ ಬರ್ಮಾದ ಬಹುಭಾಗವು ಬ್ರಿಟಿಷರ ಕೈಬಿಟ್ಟಿತು. ಬರ್ಮಾದಿಂದ ನಿರಾಶ್ರಿತರು ಕಾಡುಬೆಟ್ಟಗಳನ್ನು ದಾಟಿ ಇಂಫಾಲಕ್ಕೆ ಬಂದು ಸೇರಿದರು. ಅದೇ ಮೇ ೧೦ರಂದು ಇಂಫಾಲದ ಮೇಲೆ ಮೊದಲ ಬಾಂಬು ಬಿದ್ದಿತು. ಬರ್ಮಾ ಹೋಯಿತೆಂದರೆ ನಮ್ಮ ದೇಶಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿಯೂ ಹೋಯಿತೆಂದೇ ಅರ್ಥ. ಮರುವರ್ಷ ಬಂಗಾಳದಲ್ಲಿ ಬಂದ ಘೋರ ಕ್ಷಾಮಕ್ಕೆ ಇದೊಂದೇ ಕಾರಣವಲ್ಲ. ಹಿಂದಿನ ವರ್ಷದ ಚಂಡಮಾರುತ, ಏರಿದ ಬೆಲೆ, ಶತ್ರುವಿಗೆ ಸಿಕ್ಕಬಾರದೆಂದು ದೋಣಿಗಳನ್ನೂ ಅಕ್ಕಿಯನ್ನೂ ಸರ್ಕಾರದವರು ತೆಗೆದುಹಾಕಿಸಿದ್ದು, ಆಳುವವರ ಔದಾಸೀನ್ಯ ಇವೆಲ್ಲವೂ ಕೂಡಿದುವು. ಸತ್ತವರನ್ನು ಇಪ್ಪತ್ತು ಲಕ್ಷದಿಂದ ಮೂವತ್ತು ಲಕ್ಷದವರೆಗೆ ಎಣಿಸುತ್ತಾರೆ. ನಮ್ಮ ಕಡೆಯ ಹಿರಿಯರು ಮಾತಿನ ನಡುವೆ ‘ರೇಷನ್ ಕಾಲ’ ಎನ್ನುತ್ತಿದ್ದುದು ಆ ದಿನಗಳನ್ನೇ. ಅಳತೆಯ ಅಕ್ಕಿಗಾಗಿ ಚೀಲ ಹಿಡಿದು ಸಾಲಿನಲ್ಲಿ ನಿಂತವರಿಗೆ, ತಮ್ಮ ಚೀಲಕ್ಕೂ ದೂರದ ಬೆಟ್ಟಗಳ ಆಚೆಗೆ ನಡೆಯುತ್ತಿದ್ದ ಯುದ್ಧಕ್ಕೂ ನಂಟಿದೆಯೆಂಬುದು ಎಷ್ಟರಮಟ್ಟಿಗೆ ತಿಳಿದಿತ್ತೋ!

ಬರ್ಮಾದಲ್ಲಿದ್ದ ಜಪಾನಿನ ಹದಿನೈದನೆಯ ಸೇನೆಗೆ ಮುತಾಗುಚಿ ರೆನ್ಯ ಎಂಬವನು ಅಧಿಪತಿ. ಧೈರ್ಯಕ್ಕೆ ಕೊರತೆಯಿಲ್ಲದವನು, ಕೀರ್ತಿಯಲ್ಲಿ ಅತಿಯಾದ ಆಸೆಯುಳ್ಳವನು. ೧೯೩೭ರಲ್ಲಿ ಚೀನಾದ ಮಾರ್ಕೊ ಪೋಲೊ ಸೇತುವೆಯ ಬಳಿ ಹೊತ್ತಿ, ದೊಡ್ಡ ಯುದ್ಧವಾಗಿ ಹಬ್ಬಿದ ಕಿಡಿಯ ಸಮಯದಲ್ಲಿ ಅಲ್ಲಿಯ ಜಪಾನೀ ರೆಜಿಮೆಂಟು ಇವನ ಕೈಯಲ್ಲಿಯೇ ಇದ್ದಿತು. ಮೂರು ಡಿವಿಜನ್ನುಗಳನ್ನು ತೆಗೆದುಕೊಂಡು ಚಿಂದ್ವಿನ್ ನದಿಯನ್ನು ದಾಟಿ, ಬೆಟ್ಟಗಳನ್ನು ಹಾಯ್ದು, ಇಂಫಾಲವನ್ನು ಹಿಡಿಯುವುದು, ಉತ್ತರದಲ್ಲಿ ಕೊಹಿಮಾವನ್ನು ಹಿಡಿದು ಇಂಫಾಲಕ್ಕೆ ಬರುವ ದಾರಿಯನ್ನು ಕತ್ತರಿಸುವುದು, ಇದು ಅವನ ಯೋಜನೆ. ಏಪ್ರಿಲ್ ೨೯ ಅವರ ಚಕ್ರವರ್ತಿಯ ಹುಟ್ಟಿದ ದಿನ. ಅಷ್ಟರೊಳಗೆ ಇಂಫಾಲವನ್ನು ಕಾಣಿಕೆಯಾಗಿ ಒಪ್ಪಿಸಬೇಕೆಂದು ಸಂಕಲ್ಪ.

ಸುಮಾರು ೮೫,೦೦೦ ಜನರ ದಂಡು. ಅವರು ಹೊತ್ತುಕೊಂಡು ಹೊರಟದ್ದು ಸುಮಾರು ಮೂರು ವಾರಗಳ ಆಹಾರ. ನಾಲ್ಕನೆಯ ವಾರ ಏನು ಉಣ್ಣುವುದು? ಇಂಗ್ಲಿಷರ ಉಗ್ರಾಣಗಳನ್ನು ಹಿಡಿದುಕೊಂಡು ಅವರ ಅನ್ನವನ್ನೇ ಉಣ್ಣುವುದೆಂದು ಉತ್ತರ! ಮಲಯದಲ್ಲಿಯೂ ಬರ್ಮಾದಲ್ಲಿಯೂ ಹಿಂದೆ ಹಾಗೆಯೇ ಆಗಿತ್ತಷ್ಟೆ. ಇಂಗ್ಲಿಷರು ಓಡುವರು, ಗೋದಾಮುಗಳನ್ನು ತುಂಬಿದಂತೆಯೇ ಬಿಡುವರು. ಒಮ್ಮೆ ನಡೆದದ್ದು ಯಾವಾಗಲೂ ನಡೆಯುವುದೆಂದು ನಂಬುವುದು ಗೆದ್ದವರಿಗೆ ತಗಲುವ ಒಂದು ರೋಗ. ಇದಲ್ಲದೆ ಮುತಾಗುಚಿಯು ಮತ್ತೊಂದು ಉಪಾಯವನ್ನು ಹೂಡಿದನು. ಬರ್ಮಾದ ರೈತರಿಂದ ಸಾವಿರಾರು ಎತ್ತುಗಳನ್ನು ಕಿತ್ತುಕೊಂಡು ಅವುಗಳ ಮೇಲೆ ಸಾಮಾನು ಹೇರುವುದು; ಭಾರ ಇಳಿದಮೇಲೆ ಅವುಗಳನ್ನೇ ಕೊಂದು ತಿನ್ನುವುದು. ಮಂಗೋಲರ ಚೆಂಗಿಸ್ ಖಾನನು ಹೀಗೆಯೇ ಮಾಡಿದನೆಂದು ಅವನ ಆಧಾರ.

ಉತ್ತವರಿಗೆ ಗೊತ್ತು, ಗದ್ದೆಯ ಎತ್ತು ಬೆಟ್ಟವೇರುವ ಪ್ರಾಣಿಯಲ್ಲ. ಮಾರ್ಚಿ ೧೫ರ ರಾತ್ರಿ ಚಿಂದ್ವಿನ್ನನ್ನು ದಾಟುವಾಗಲೇ ಎಷ್ಟೋ ಎತ್ತುಗಳು ಹೊಳೆಯ ಪಾಲಾದುವು. ಮಿಕ್ಕವು ಕಡಿದಾದ ಕಾಡುದಾರಿಯಲ್ಲಿ ಜಾರಿಬಿದ್ದು, ಮೇವಿಲ್ಲದೆ, ನಡೆಯಲಾರದೆ, ಹೊತ್ತ ಅಕ್ಕಿಯೊಡನೆ ಕಮರಿಗಳನ್ನು ಸೇರಿದುವು. ಲೆಕ್ಕ ತಪ್ಪುವುದೆಂದು ಹೇಳಿದವರು ಇರಲಿಲ್ಲವೆಂದಲ್ಲ. ಮುತಾಗುಚಿಯ ಮುಖ್ಯ ಸಹಾಯಕನಾಗಿದ್ದ ಒಬಾಟ ಎಂಬ ಅಧಿಕಾರಿಯು ಸಾಮಗ್ರಿಯ ಸಾಗಾಣಿಕೆಯನ್ನು ಚೆನ್ನಾಗಿ ಬಲ್ಲವನು. ಈ ಬೆಟ್ಟಗಳಾಚೆಗೆ ಅನ್ನವನ್ನು ಮುಟ್ಟಿಸಲಾಗದೆಂದು ಅವನು ಹೇಳಿದುದಕ್ಕೆ ಅವನನ್ನು ಕೆಲಸದಿಂದಲೇ ತೆಗೆದುಹಾಕಿದರು. ಕೊಹಿಮಾದ ಕಡೆಗೆ ಹೊರಟ ಡಿವಿಜನ್ನಿನ ನಾಯಕ ಸಾಟೊ ಕೊಟೊಕು ಎಂಬವನು, ನಾವು ಗುಂಡಿಗಿಂತ ಹಸಿವಿನಿಂದಲೇ ಸಾಯುವೆವೆಂಬ ಅರ್ಥದ ಮಾತನ್ನು ಹೊರಡುವ ಮುನ್ನವೇ ತನ್ನವರೊಡನೆ ಆಡಿದ್ದನು. ಉಗ್ರಾಣದ ಲೆಕ್ಕವನ್ನು ಹೇಳುವವನನ್ನು ಹೇಡಿಯೆಂದು ಕರೆಯುವ ಮನೆಯಲ್ಲಿ ಮದುವೆಯ ಊಟ ಹೇಗೆ ನಡೆದೀತು?

ಎದುರು ಪಕ್ಷದ ಲೆಕ್ಕವನ್ನು ನೋಡೋಣ. ಅಲ್ಲಿ ಹದಿನಾಲ್ಕನೆಯ ಸೇನೆಯ ಅಧಿಪತಿ ವಿಲಿಯಂ ಸ್ಲಿಮ್. ೧೯೪೨ರಲ್ಲಿ ಬರ್ಮಾದಿಂದ ಸೋತು ನಡೆದುಬಂದ ದಂಡನ್ನು ಕರೆತಂದವನು ಇವನೇ. ಹಸಿವೆಂದರೇನು, ಮಲೇರಿಯಾ ಎಂದರೇನು ಎಂಬುದನ್ನು ಕಣ್ಣಾರೆ ಕಂಡವನು. ಹೊರಗಿನಿಂದ ಬರುವ ಸಾಮಾನೆಲ್ಲ ಮೊದಲು ದೀಮಾಪುರದ ರೈಲುನಿಲ್ದಾಣಕ್ಕೆ ಬಂದು, ಅಲ್ಲಿಂದ ಕೊಹಿಮಾದ ಮೇಲೆ ಒಂದೇ ಬೆಟ್ಟದ ರಸ್ತೆಯಲ್ಲಿ ಇಂಫಾಲಕ್ಕೆ ಹೋಗಬೇಕಾಗಿತ್ತು. ದೀಮಾಪುರದ ಉಗ್ರಾಣವು ಹನ್ನೊಂದು ಮೈಲಿ ಉದ್ದ, ಒಂದು ಮೈಲಿ ಅಗಲ! ಕೊಹಿಮಾದಿಂದ ಅದಕ್ಕೆ ೪೬ ಮೈಲಿ. ಕೊಹಿಮಾವನ್ನು ಮುತ್ತಿದ ಜಪಾನೀಯರು ಆ ದಿನಗಳಲ್ಲಿ ಅದನ್ನು ಬಿಟ್ಟು ಮುಂದಕ್ಕೆ ದೀಮಾಪುರಕ್ಕೆ ನುಗ್ಗಿದ್ದರೆ ತಡೆಯುವುದು ಕಷ್ಟವಾಗುತ್ತಿತ್ತೆಂದು ಸ್ಲಿಮ್ಮನೇ ಬರೆದಿದ್ದಾನೆ. ಮುತಾಗುಚಿಯೂ ಹೋಗೆಂದೇ ಹೇಳಿದ್ದನು. ಅವನ ಮೇಲಧಿಕಾರಿ ಕವಾಬೆಯು ಬೇಡವೆಂದು ತಡೆದನು. ಹಸಿದವರ ಕೈಗೆಟಕುವಂತಿದ್ದ ಹನ್ನೊಂದು ಮೈಲಿಯ ಅನ್ನ ಹೀಗೆ ಅಲ್ಲಿಯೇ ಉಳಿಯಿತು.

ಕೊಹಿಮಾದ ಬಳಿ ರಸ್ತೆ ಕತ್ತರಿಸಿಹೋದಮೇಲೆ ಇಂಫಾಲದೊಳಗೆ ಸಿಕ್ಕಿದವರು ಸುಮಾರು ಒಂದೂವರೆ ಲಕ್ಷ. ಅವರಿಗೆ ಅನ್ನ ಬರಬೇಕಾದದ್ದು ಆಕಾಶದಿಂದ. ಆದುದರಿಂದ ಮೊದಲು ಊಟದ ಎಲೆಗಳನ್ನು ಕಡಿಮೆ ಮಾಡಿದರು. ಅಂದರೆ ಕಾದಲಾರದವರನ್ನು ವಿಮಾನದಲ್ಲಿ ಹೊರಗೆ ಕಳುಹಿಸಿದರು. ಉಳಿದವರ ಪಡಿಯನ್ನು ತಗ್ಗಿಸಿದರು. ಮುತ್ತಿಗೆಯ ಕಾಲದಲ್ಲಿ ಸುಮಾರು ೧೯,೦೦೦ ಟನ್ ಸಾಮಗ್ರಿಯೂ ಹನ್ನೆರಡು ಸಾವಿರಕ್ಕೆ ಮೇಲ್ಪಟ್ಟ ಸೈನಿಕರೂ ವಿಮಾನಗಳಲ್ಲಿ ಒಳಗೆ ಬಂದರು. ಸುಮಾರು ೧೩,೦೦೦ ಗಾಯಾಳುಗಳೂ ರೋಗಿಗಳೂ, ೪೩,೦೦೦ ಇತರರೂ ಹೊರಗೆ ಹೋದರು. ವಿಮಾನದಿಂದ ಮೂಟೆಗಳನ್ನಿಳಿಸುವ ಪ್ಯಾರಾಚೂಟುಗಳು ಸಾಲದೆ ಬಂದಾಗ, ಸ್ಲಿಮ್ಮನೂ ಸಾಮಗ್ರಿಯ ಮೇಲ್ವಿಚಾರಕನಾಗಿದ್ದ ಸ್ನೆಲಿಂಗನೂ ರೇಷ್ಮೆಗಾಗಿ ಕಾದುಕುಳಿತಿರಲಿಲ್ಲ. ಕಲ್ಕತ್ತೆಯ ಸೆಣಬಿನ ಗಿರಣಿಯವರನ್ನು ಕರೆದು, ಗೋಣಿಯ ಬಟ್ಟೆಯಿಂದಲೇ ಪ್ಯಾರಾಚೂಟು ಮಾಡಿಸಿದರು. ರೇಷ್ಮೆಯದರ ಬೆಲೆಯಲ್ಲಿ ಇಪ್ಪತ್ತನೆಯ ಒಂದು ಪಾಲಿಗೆ ಅದು ಮುಗಿಯಿತು. ಮನುಷ್ಯನನ್ನು ಇಳಿಸಲು ಅದು ತಕ್ಕದ್ದಲ್ಲ. ಅಕ್ಕಿ ಬೇಳೆಯ ಮೂಟೆಯನ್ನು ಇಳಿಸಲು ಧಾರಾಳವಾಗಿ ಸಾಕು. ಹಳೆಯ ಸೀರೆಯಲ್ಲಿ ಕೌದಿ ಹೊಲಿದವರಿಗೆ ಈ ಬುದ್ಧಿಯ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ.

ಹೀಗೆಂದ ಮಾತ್ರಕ್ಕೆ ಕಾದಾಟವು ಸುಲಭವಾಗಿತ್ತೆಂದು ಭಾವಿಸಬಾರದು. ಲೆಕ್ಕ ಸರಿಯಿದ್ದರೂ ಅದು ಫಲಿಸುವವರೆಗೆ ಯಾರಾದರೂ ಬಾಗಿಲಲ್ಲಿ ನಿಂತು ತಡೆಯಬೇಕಷ್ಟೆ. ಮೊದಲು ತಡೆದವರು ಸಾಂಗ್‌ಶಾಕ್ ಎಂಬ ಬೆಟ್ಟದ ಹಳ್ಳಿಯಲ್ಲಿ, ಮಾರ್ಚಿ ೨೨ರಿಂದ ೨೬ರವರೆಗೆ, ಐವತ್ತನೆಯ ಭಾರತೀಯ ಪ್ಯಾರಾಚೂಟ್ ಬ್ರಿಗೇಡಿನವರು. ಅವರು ಕೊನೆಗೆ ಹಿಂದೆಗೆಯಬೇಕಾಯಿತು, ನಿಜ. ಆದರೆ ಮೂರು ವಾರದ ಅಕ್ಕಿಯನ್ನು ಹೊತ್ತು ಬಂದವರಿಗೆ ದಾರಿಯಲ್ಲಿ ಕಳೆದ ಒಂದೊಂದು ದಿನವೂ ಒಂದೊಂದು ದಿನದ ಅನ್ನದ ನಷ್ಟ. ಏಪ್ರಿಲ್ ೬ರಂದು ಇಂಫಾಲದ ಉತ್ತರದ ಗುಡ್ಡವೊಂದರಲ್ಲಿ ಜಾಟ್ ರೆಜಿಮೆಂಟಿನ ಜಮೇದಾರ್ ಅಬ್ದುಲ್ ಹಫೀಜ್ ಎಂಬ ಯೋಧನು, ಗಾಯಗೊಂಡಮೇಲೂ ಮುನ್ನುಗ್ಗಿ ಗುಡ್ಡವನ್ನು ಗೆದ್ದು, ಅಲ್ಲಿಯೇ ಪ್ರಾಣಬಿಟ್ಟನು. ಮರಣಾನಂತರ ಅವನಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು.

ಕೊಹಿಮಾದಲ್ಲಿಯಂತೂ ಸುಮಾರು ೨,೫೦೦ ಜನ, ಅವರಲ್ಲಿ ಸಾವಿರದಷ್ಟು ಮಂದಿ ಕಾದುವ ಕೆಲಸದವರೇ ಅಲ್ಲ, ಇಡೀ ಒಂದು ಜಪಾನೀ ಡಿವಿಜನ್ನಿಗೆ ಎದುರಾಗಿ ಏಪ್ರಿಲ್ ಮೊದಲ ವಾರದಿಂದ ಹದಿನೆಂಟರವರೆಗೆ ಒಂದು ಗುಡ್ಡದ ಸಾಲನ್ನು ಹಿಡಿದು ನಿಂತರು. ಅಸ್ಸಾಂ ರೆಜಿಮೆಂಟಿನವರು, ಅಸ್ಸಾಂ ರೈಫಲ್ಸಿನವರು, ಇಂಗ್ಲೆಂಡಿನ ವೆಸ್ಟ್ ಕೆಂಟ್ ಪಡೆಯವರು, ಹೀಗೆ ಬೇರೆ ಬೇರೆಯವರು. ಅವರಿಗೆ ಕೊರತೆಯಾದದ್ದು ನೀರು. ನೀರಿನ ಮೂಲ ಶತ್ರುವಿನ ಕೈಸೇರಿತು. ರಾತ್ರಿಯ ಕತ್ತಲೆಯಲ್ಲಿ ಜೀವದಾಸೆಯನ್ನು ಬಿಟ್ಟು ತೆವಳಿಹೋಗಿ ಒಂದು ಸಣ್ಣ ಒರತೆಯಿಂದ ತರಬೇಕಾಯಿತು. ಆಳಿಗೆ ಇಷ್ಟು ಗುಟುಕೆಂದು ಅಳೆದು ಕೊಡಬೇಕಾಯಿತು. ವಿಮಾನದಿಂದ ಎಸೆದ ನೀರು, ಔಷಧಿಗಳಲ್ಲಿ ಎಷ್ಟೋ ಭಾಗ ಗಾಳಿಗೆ ತೇಲಿ ಶತ್ರುವಿನ ಕಡೆಗೆ ಬಿದ್ದಿತು. ಗಾಯಾಳುಗಳು ತೆರೆದ ಹಳ್ಳಗಳಲ್ಲಿ ಮಲಗಿದ್ದು ಮತ್ತೆ ಗಾಯಗೊಂಡರು. ಡೆಪ್ಯುಟಿ ಕಮಿಷನರ ಚಾರ್ಲ್ಸ್ ಪಾಸಿಯವರ ಬಂಗಲೆಯ ಮುಂದಣ ಟೆನಿಸ್ ಅಂಗಳವೇ ಎರಡು ದಂಡುಗಳ ನಡುವಣ ಗಡಿಯಾಯಿತು. ಚೆಂಡಾಡುವ ಅಂಗಳದ ಈಚೆಗೆ ಇವರು, ಆಚೆಗೆ ಅವರು. ಮುತ್ತಿಗೆ ಬಿಟ್ಟಮೇಲೂ ಆ ಅಂಗಳವು ಜಪಾನೀಯರ ಕೈಬಿಟ್ಟದ್ದು ಮೇ ೧೩ರಂದು.

ಅಷ್ಟು ಹೊತ್ತಿಗೆ ಜಪಾನೀಯರ ಮೂರು ವಾರದ ಲೆಕ್ಕ ಎಂದೋ ಮುಗಿದಿತ್ತು. ಗೆದ್ದು ಉಣ್ಣುವೆವೆಂದುಕೊಂಡಿದ್ದ ಉಗ್ರಾಣಗಳು ಸಿಕ್ಕಲಿಲ್ಲ. ಹಿಂದಿನಿಂದ ಬರುವುದೆಂದಿದ್ದ ಅಕ್ಕಿ ಬರಲಿಲ್ಲ. ಸೈನಿಕರು ಕಾಡಿನ ಸೊಪ್ಪುಸದೆಗಳನ್ನೂ ಗೆಡ್ಡೆಗಳನ್ನೂ ಬೇಯಿಸಿ ತಿಂದರು. ಆಮಶಂಕೆ, ಮಲೇರಿಯಾ, ಬೆರಿಬೆರಿಗಳು ಹಿಡಿದುವು. ಸಾಟೊನು ಅನ್ನವನ್ನೂ ಮದ್ದುಗುಂಡನ್ನೂ ಕಳುಹಿಸೆಂದು ಮತ್ತೆ ಮತ್ತೆ ಕೇಳಿಕೊಂಡನು; ಮುತಾಗುಚಿಯು ಸ್ಥೈರ್ಯವನ್ನು ಕಳುಹಿಸಿದನು. ಮೇ ೩೧ರಂದು ಸಾಟೊನು ಆಜ್ಞೆಯನ್ನು ಮೀರಿ ತನ್ನವರನ್ನು ಹಿಂದಕ್ಕೆ ಕರೆದನು. ಜಪಾನೀ ಸೇನೆಯಲ್ಲಿ ಇದು ಕೇಳರಿಯದ ಮಾತು. ಅವನನ್ನು ಪದವಿಯಿಂದ ಇಳಿಸಿದರು. ಅವನು ಆತ್ಮಹತ್ಯೆಗೆ ಒಪ್ಪಲಿಲ್ಲ. ಸೇನಾ ನ್ಯಾಯಾಲಯದಲ್ಲಿ ವಿಚಾರಣೆಯಾಗಲಿ, ನಡೆದುದನ್ನೆಲ್ಲ ಹೇಳುವೆನೆಂದನು. ಕೊನೆಗೆ ವೈದ್ಯರಿಂದ ಅವನ ಬುದ್ಧಿ ಸ್ವಸ್ಥವಾಗಿಲ್ಲವೆನ್ನಿಸಿ ವಿಚಾರಣೆಯನ್ನೇ ಬಿಟ್ಟುಬಿಟ್ಟರು. ಇಡೀ ದಂಡಿನಲ್ಲಿ ಅಕ್ಕಿಯನ್ನು ಸರಿಯಾಗಿ ಎಣಿಸಿದವನಿಗೆ ಬಂದ ಬಿರುದು ಇದು!

ಇದಕ್ಕಿಂತಲೂ ನನ್ನ ಮನಸ್ಸನ್ನು ಕಲಕುವ ಪ್ರಸಂಗ ಇನ್ನೊಂದುಂಟು. ಜೂನ್ ೬ರಂದು ಕವಾಬೆಯು ಮುತಾಗುಚಿಯನ್ನು ಕಾಣಲು ಬಂದನು. ಯುದ್ಧ ಸೋತಿತೆಂದು ಇಬ್ಬರಿಗೂ ಗೊತ್ತು. ನಿಲ್ಲಿಸೋಣವೆಂದು ಹೇಳಲು ಇಬ್ಬರಿಗೂ ಬಾಯಿ ಬಾರದು. ಮಾತನಾಡದಿದ್ದರೂ ತನ್ನ ಮುಖವನ್ನು ನೋಡಿಯೇ ಮೇಲಧಿಕಾರಿಯು ತಿಳಿದುಕೊಳ್ಳಲೆಂದು ಬಯಸಿದ್ದೆನೆಂದು ಮುತಾಗುಚಿಯೇ ಅನಂತರ ಹೇಳಿಕೊಂಡನು. ಮೇಲಧಿಕಾರಿಯು ಕೇಳಲಿಲ್ಲ, ಇವನು ಹೇಳಲಿಲ್ಲ, ಇಬ್ಬರೂ ಮರ್ಯಾದೆಯಾಗಿ ಬೀಳ್ಕೊಂಡರು. ಹಿಂದೆಗೆಯುವ ಅಪ್ಪಣೆ ಹೊರಟದ್ದು ಜುಲೈ ತಿಂಗಳಲ್ಲಿ. ಆ ಒಂದು ತಿಂಗಳ ಮೌನದಲ್ಲಿ ಮಳೆ ಸುರಿಯುತ್ತಿತ್ತು. ಬೆಟ್ಟಗಳಲ್ಲಿ ಜನ ಸಾಯುತ್ತಿದ್ದರು. ಹಿರಿಯರ ಮಾನವನ್ನು ಉಳಿಸಲು ಮಕ್ಕಳ ಹೊಟ್ಟೆಯ ಮೇಲೆ ಹೊಡೆಯುವುದು ಸೈನ್ಯದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಸಾಲವಾಗಿದೆಯೆಂದು ಹೆಂಡತಿಗೆ ಹೇಳಲಾರದೆ ಹಬ್ಬಕ್ಕೆ ಮತ್ತೆ ಸಾಲ ತರುವ ಯಜಮಾನನೂ, ಕಣಜ ಬರಿದಾಗಿದೆಯೆಂದು ಗಂಡನಿಗೆ ಹೇಳಲಂಜುವ ಮನೆಯಾಕೆಯೂ ಈ ಇಬ್ಬರು ಸೇನಾಪತಿಗಳ ದೂರದ ನಂಟರೇ. ವ್ಯತ್ಯಾಸವಿಷ್ಟೇ: ಮನೆಯಲ್ಲಿ ನಾಲ್ಕು ಜನ ಹಸಿಯುತ್ತಾರೆ, ಅಲ್ಲಿ ಹಸಿದವರು ಹತ್ತಾರು ಸಾವಿರ.

ಹಿಂದಿರುಗಿದ ದಾರಿಯ ವೃತ್ತಾಂತವನ್ನು ಹೆಚ್ಚಾಗಿ ಬರೆಯಲು ಮನಸ್ಸು ಬರುವುದಿಲ್ಲ. ಉಖ್ರುಲ್ ಎಂಬ ಊರಿನಲ್ಲಿ ಅಕ್ಕಿ ಸಿಗುವುದೆಂಬ ಆಸೆಯಿಂದ ಸಾಟೊನ ದಂಡು ನಡೆಯಿತು. ಅಲ್ಲಿ ಅಕ್ಕಿ ಇರಲಿಲ್ಲ. ನಡೆಯಲಾರದವರು ದಾರಿಯ ಬದಿಯಲ್ಲಿಯೇ ಕುಳಿತರು, ಕುಳಿತವರು ಏಳಲಿಲ್ಲ. ಬದುಕಿ ಹೋದವರು ಆ ದಾರಿಗೆ ‘ಬಿಳಿಯ ಎಲುಬಿನ ದಾರಿ’ ಎಂದು ಹೆಸರಿಟ್ಟರು. ಜಪಾನೀಯರ ಒಟ್ಟು ನಷ್ಟ, ಸತ್ತವರೂ ಗಾಯಾಳುಗಳೂ ರೋಗಿಗಳೂ ಸೇರಿ, ಐವತ್ತು ಸಾವಿರವನ್ನು ಮೀರಿತು. ಅವರಲ್ಲಿ ಸತ್ತವರು ಮೂವತ್ತು ಸಾವಿರದಷ್ಟೆಂದು ಎಣಿಸುತ್ತಾರೆ. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಹಸಿವು ಮತ್ತು ರೋಗ. ಬ್ರಿಟಿಷ್ ಮತ್ತು ಭಾರತೀಯ ಸೇನೆಯ ನಷ್ಟವೂ ಹದಿನಾರು ಸಾವಿರಕ್ಕೆ ಮೇಲೆ.

ಆ ದಾರಿಯಲ್ಲಿ ನಮ್ಮವರೂ ಇದ್ದರು. ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜಿನವರು ದೆಹಲಿಗೆ ಹೋಗುವೆವೆಂಬ ಉತ್ಸಾಹದಿಂದ ಬಂದಿದ್ದರು. ಏಪ್ರಿಲ್ ೧೪ರಂದು ಲೋಕ್ತಾಕ್ ಸರೋವರದ ದಡದ ಮೊಯಿರಾಂಗಿನಲ್ಲಿ ಅವರ ಧ್ವಜ ಏರಿತು. ಇಂಫಾಲ ಇನ್ನೇನು ಬೀಳುತ್ತದೆ, ಬೇಕಾದುದೆಲ್ಲ ಅಲ್ಲಿಯೇ ದೊರೆಯುತ್ತದೆ ಎಂಬ ಜಪಾನೀಯರ ಮಾತನ್ನು ನಂಬಿ ಗಾಂಧಿ ಬ್ರಿಗೇಡಿನವರು ಭಾರವಾದ ಶಸ್ತ್ರಗಳನ್ನೂ ಸಾಮಾನನ್ನೂ ಹಿಂದೆಯೇ ಬಿಟ್ಟು ಪಲೇಲಿನ ಕಡೆಗೆ ನಡೆದರು. ಅವರ ದೇಶಭಕ್ತಿಯಲ್ಲಿ ಕೊರತೆಯಿರಲಿಲ್ಲ. ಅವರನ್ನು ಕರೆತಂದವರ ಉಗ್ರಾಣದಲ್ಲಿತ್ತು. ಎದುರು ಸಾಲಿನಲ್ಲಿ ಹೊಟ್ಟೆಗೆ ಉಂಡು ನಿಂತಿದ್ದವರೂ ಭಾರತದ ತಾಯಂದಿರ ಮಕ್ಕಳೇ. ಅವರಲ್ಲಿ ಯಾರನ್ನು ದೂರೋಣ?

ಈ ಎರಡು ಪಕ್ಷಗಳ ಲೆಕ್ಕದ ಪುಸ್ತಕಗಳಲ್ಲಿಯೂ ಕಾಣದ ಉಗ್ರಾಣ ಒಂದಿದೆ. ಅದು ಆ ನಾಡಿನವರದು. ನಾಗರ ಮನೆಗಳಲ್ಲಿ ಮುಂದಿನ ಸುಗ್ಗಿಯವರೆಗೆಂದು ಕೂಡಿಟ್ಟ ಬತ್ತವನ್ನು ಹಸಿದ ದಂಡು ತೆಗೆದುಕೊಂಡು ತಿಂದಿತು. ಹಂದಿ, ಕೋಳಿ, ದನಗಳನ್ನು ಹಿಡಿದು ತಿಂದಿತು. ಮನೆಗಳು ಫಿರಂಗಿಗಳಿಗೆ ಸುಟ್ಟುಹೋದುವು. ಕೊಹಿಮಾ ಎಂಬ ಊರೇ ಬಹುಪಾಲು ಅಳಿಸಿಹೋಯಿತು. ಆ ಜನರೇ ಬ್ರಿಟಿಷರ ಗಾಯಾಳುಗಳನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತರು, ದಾರಿ ತೋರಿಸಿದರು. ಇಂಫಾಲದ ಬಯಲಿನವರು ಬಾಂಬಿಗೆ ಹೆದರಿ ಮನೆ ಬಿಟ್ಟು ಹಳ್ಳಿ ಸೇರಿದರು. ಸಿಪಾಯಿಗಳ ಸನೀನಿಗೆ ಎದೆಕೊಟ್ಟು ತಮ್ಮ ಅಕ್ಕಿಯನ್ನು ತಮ್ಮ ಊರಿನಲ್ಲಿ ಉಳಿಸಿಕೊಂಡಿದ್ದ ಆ ತಾಯಂದಿರು, ಲೋಕದ ಎರಡು ಮಹಾಸಾಮ್ರಾಜ್ಯಗಳು ತಮ್ಮ ಗದ್ದೆಯಲ್ಲಿ ಬಂದು ಕಾದಾಡಿದಾಗ ಯಾವ ಕಚೇರಿಯನ್ನು ಮುತ್ತಬೇಕಾಗಿತ್ತು?

ಜೂನ್ ೨೨ರಂದು ಕೊಹಿಮಾದ ಕಡೆಯಿಂದ ಬಂದವರೂ ಇಂಫಾಲದ ಕಡೆಯಿಂದ ಬಂದವರೂ ರಸ್ತೆಯ ೧೦೯ನೆಯ ಮೈಲಿಗಲ್ಲಿನ ಬಳಿ ಸಂಧಿಸಿದರು, ದಾರಿ ತೆರೆಯಿತು, ಲಾರಿಗಳು ಹೊರಟುವು. ಬರ್ಮಾದಲ್ಲಿ ಜಪಾನಿನ ಬಲ ಅಲ್ಲಿಂದ ಮುಂದೆ ಚೇತರಿಸಿಕೊಳ್ಳಲಿಲ್ಲ. ೧೯೪೫ರ ಮಾರ್ಚಿಯಲ್ಲಿ ಮಂಡಲೆಯೂ ಮೇ ತಿಂಗಳಲ್ಲಿ ರಂಗೂನೂ ಅವರ ಕೈತಪ್ಪಿದುವು. ಇತಿಹಾಸಕಾರರು ಇದನ್ನು ನಿರ್ಣಾಯಕ ಯುದ್ಧವೆನ್ನುವುದು ಈ ಕಾರಣಕ್ಕೆ. ನಾನು ಅದನ್ನು ಅಲ್ಲಗಳೆಯುವವನಲ್ಲ. ಆದರೆ ನಿರ್ಣಯವಾದದ್ದು ಎಲ್ಲಿ, ಯಾವಾಗ ಎಂದು ಕೇಳಿದರೆ, ಟೆನಿಸ್ ಅಂಗಳದಲ್ಲಿ ಎಂದು ಹೇಳುವುದಕ್ಕಿಂತ, ಮೂರು ವಾರದ ಅಕ್ಕಿ ಸಾಲದೆಂದು ಹೇಳಿದವನನ್ನು ಹೊರಗೆ ಕಳುಹಿಸಿದ ದಿನವೇ ಎಂದು ಹೇಳುವುದು ಹೆಚ್ಚು ನ್ಯಾಯವೆಂದು ತೋರುತ್ತದೆ. ಗುಡ್ಡದ ಮೇಲೆ ಬಾಯಾರಿ ನಿಂತವರ ಶೌರ್ಯಕ್ಕೆ ಇದರಿಂದ ಕುಂದಿಲ್ಲ. ಅವರು ನಿಲ್ಲದಿದ್ದರೆ ಆ ತಪ್ಪು ಲೆಕ್ಕವೂ ಸರಿಹೋಗಿಬಿಡುತ್ತಿತ್ತು.

ಇಂದು ಆ ಟೆನಿಸ್ ಅಂಗಳವು ಕೊಹಿಮಾದ ಯುದ್ಧಸ್ಮಶಾನದೊಳಗಿದೆ. ಅದರ ಗೆರೆಗಳನ್ನು ಕಾಂಕ್ರೀಟಿನಲ್ಲಿ ಗುರುತುಮಾಡಿ ಉಳಿಸಿದ್ದಾರೆ. ಸುತ್ತಲೂ ಮೆಟ್ಟಲುಮೆಟ್ಟಲಾಗಿ ೧,೪೨೦ ಸಮಾಧಿಗಳು; ದಹನಸಂಸ್ಕಾರ ಪಡೆದ ೯೧೭ ಹಿಂದೂ ಮತ್ತು ಸಿಖ್ ಯೋಧರಿಗೆ ಬೇರೆಯಾಗಿ ಒಂದು ಸ್ಮಾರಕ. ಇಂಫಾಲದ ಬಳಿ, ಜಪಾನೀಯರು ಸತ್ತ ಒಂದು ಗುಡ್ಡದ ತಪ್ಪಲಲ್ಲಿ, ೨೦೧೯ರಲ್ಲಿ ಶಾಂತಿಯ ಹೆಸರಿನ ವಸ್ತುಸಂಗ್ರಹಾಲಯವೊಂದು ಜಪಾನೀಯರ ನೆರವಿನಿಂದಲೇ ತೆರೆಯಿತು. ಸತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತುವುದು ಒಳ್ಳೆಯ ಕೆಲಸ. ಆದರೆ ಕಲ್ಲಿನಲ್ಲಿ ಕೆತ್ತದೆ, ಮನೆಮನೆಯಲ್ಲಿ ಮಕ್ಕಳಿಗೆ ಬಾಯಿಮಾತಿನಲ್ಲಿ ಕಲಿಸಬೇಕಾದ ಪಾಠವೂ ಒಂದಿದೆ. ಕೈಯಲ್ಲಿ ಇಲ್ಲದ ಅಕ್ಕಿಯನ್ನು ಎಣಿಸಿ ಬೇರೊಬ್ಬರ ಮಕ್ಕಳನ್ನು ದೂರದ ದಾರಿಗೆ ಕಳುಹಿಸುವವನು, ಎಷ್ಟೇ ದೊಡ್ಡ ಮಾತನ್ನಾಡಲಿ, ಎಷ್ಟೇ ದೊಡ್ಡ ಪದವಿಯಲ್ಲಿರಲಿ, ಅವನ ಕೈಗೆ ಬೀಗದ ಕೈಯನ್ನು ಕೊಡಬಾರದು. ಉಗ್ರಾಣದಲ್ಲಿ ನಿಂತು “ಸಾಲದು” ಎನ್ನುವ ಬಡಧ್ವನಿಯೊಂದು ಕೇಳಿಬಂದರೆ, ಮನೆಯ ಯಜಮಾನನಾಗಲಿ ಸೇನೆಯ ಯಜಮಾನನಾಗಲಿ, ಮಾಡುತ್ತಿರುವ ಕೆಲಸವನ್ನು ಅಷ್ಟಕ್ಕೇ ನಿಲ್ಲಿಸ ಮೊದಲು ಅದಕ್ಕೆ ಕಿವಿಗೊಡಬೇಕು.